ಲಿಲ್ಲಿಯ ಮೊಗ್ಗು ಗಡ್ಡೆಯೊಳಗೆ ಯಾವಾಗ ಮೂಡುತ್ತದೆ?

"ಎಲಿ ಭಾರಿ ಬಂದಾವರಿ, ಹೂವ ಯಾಕ ಬರವಲ್ದು?" ಬೇಸಿಗೆ ಬಂತೆಂದರೆ ಕಲಬುರಗಿಯಲ್ಲಿ ಕುಂಡದಲ್ಲಿ ಲಿಲ್ಲಿ ಬೆಳೆಸುವವರು ಕೇಳುವ ಮಾತಿದು. ಕೇಳಿದ ಕೂಡಲೇ ಉತ್ತರಗಳೂ ಸಿಗುತ್ತವೆ. ಗೊಬ್ಬರ ಹಾಕಿ, ನೀರು ಜಾಸ್ತಿ ಮಾಡಿ, ಕುಂಡವನ್ನು ಮಾಳಿಗೆಗೆ ಸಾಗಿಸಿ. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಆ ಹೊತ್ತಿಗೆ ಮಾಡಿದರೆ ಆ ವರ್ಷದ ಹೂವಿಗೆ ಅವುಗಳಿಂದ ಹೆಚ್ಚು ಉಪಯೋಗವಿಲ್ಲ. ಯಾಕೆಂದರೆ ಗಡ್ಡೆಯಿಂದ ಬರುವ ಹೂವಿನಲ್ಲಿ ಮೊಗ್ಗು ಕಣ್ಣಿಗೆ ಬೀಳುವ ದಿನ ಬೇರೆ, ಅದು ಹುಟ್ಟುವ ದಿನ ಬೇರೆ. ಈ ಎರಡರ ನಡುವೆ ಕೆಲವು ಗಿಡಗಳಲ್ಲಿ ಕೆಲವೇ ವಾರ ಇರುತ್ತದೆ. ಕೆಲವುಗಳಲ್ಲಿ ಹೆಚ್ಚೂ ಕಡಿಮೆ ಒಂದು ವರ್ಷ. ನಿಮ್ಮ ಗಿಡ ಯಾವ ಗುಂಪಿನದು ಎಂದು ಗೊತ್ತಾದರೆ ಯಾವ ತಿಂಗಳಲ್ಲಿ ಅದನ್ನು ಜೋಪಾನ ಮಾಡಬೇಕು ಎಂಬುದೂ ಗೊತ್ತಾಗುತ್ತದೆ.

ಮೊದಲು ಗಡ್ಡೆಯ ಒಳಗೆ ಏನಿದೆ ನೋಡೋಣ. ಒಂದು ಉಳ್ಳಾಗಡ್ಡಿಯನ್ನು ಮೇಲಿನಿಂದ ಕೆಳಕ್ಕೆ ಉದ್ದಕ್ಕೆ ಸೀಳಿ. ಬೇರು ಇರುವ ತುದಿಯಲ್ಲಿ ಗಟ್ಟಿಯಾದ ಸಣ್ಣ ಬಿಲ್ಲೆ ಕಾಣುತ್ತದೆ. ಅದೇ ಗಿಡದ ನಿಜವಾದ ಕಾಂಡ. ಅದರ ಮೇಲೆ ಸುತ್ತಿಕೊಂಡಿರುವ ಪದರುಗಳೆಲ್ಲ ಊಟ ತುಂಬಿಕೊಂಡ ಎಲೆಯ ಬುಡಗಳು. ನಟ್ಟನಡುವೆ, ಬಿಲ್ಲೆಯ ಮೇಲೆ, ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಸುಳಿ ಇರುತ್ತದೆ. ಈ ಸುಳಿ ಸಾಮಾನ್ಯವಾಗಿ ಎಲೆಗಳನ್ನೇ ಹುಟ್ಟಿಸುತ್ತಾ ಹೋಗುತ್ತದೆ. ಯಾವುದೋ ಒಂದು ಸೂಚನೆ ಸಿಕ್ಕಾಗ ಎಲೆ ಬಿಟ್ಟು ಮೊಗ್ಗು ಮಾಡಲು ತಿರುಗುತ್ತದೆ. ಹೂವಿನ ಲೆಕ್ಕ ಶುರುವಾಗುವುದು ಆ ದಿನದಿಂದ. ಹೊರಗೆ ಆಗ ಏನೂ ಕಾಣುವುದಿಲ್ಲ.

ನಮ್ಮ ರೈತರು ಈ ತಿರುವನ್ನು ಉಳ್ಳಾಗಡ್ಡಿಯಲ್ಲೇ ನೋಡಿದ್ದಾರೆ. ಹಿಂಗಾರಿಯಲ್ಲಿ ಸಸಿ ಸ್ವಲ್ಪ ಬಲಿತ ಮೇಲೆ ಚಳಿ ಬಹಳ ದಿನ ಹಿಡಿದರೆ ಹೊಲದಲ್ಲಿ ಅಲ್ಲಲ್ಲಿ ಹೂವಿನ ದಂಟು ಎದ್ದುಬಿಡುತ್ತದೆ. ಗಡ್ಡೆ ಬಲಿಯುವುದಿಲ್ಲ, ರೇಟೂ ಸಿಗುವುದಿಲ್ಲ. ಉಳ್ಳಾಗಡ್ಡಿಯವರಿಗೆ ಬೇಡವಾದ ಆ ದಂಟೇ ಲಿಲ್ಲಿಯವರಿಗೆ ಬೇಕಾದದ್ದು. ಚಳಿಯೇ ಅಲ್ಲಿ ಸೂಚನೆ. ಆದರೆ ಎಲ್ಲ ಗಡ್ಡೆಗಳೂ ಚಳಿಗೆ ಕಾಯುವುದಿಲ್ಲ.

ನಮ್ಮ ಭಾಗದ ಹಳೆಯ ಮನೆಗಳ ಅಂಗಳದಲ್ಲಿ ದೊಡ್ಡ ಕೆಂಪು ಹೂ ಬಿಡುವ ಒಂದು ಲಿಲ್ಲಿ ಇರುತ್ತದೆ. ನರ್ಸರಿಯವರು ಅದನ್ನು ಅಮರಿಲ್ಲಿಸ್ ಎಂದು ಮಾರುತ್ತಾರೆ. ಸಸ್ಯಶಾಸ್ತ್ರದಲ್ಲಿ ಅದು ಹಿಪ್ಪಿಯಾಸ್ಟ್ರಮ್, ದಕ್ಷಿಣ ಅಮೆರಿಕದ ಕಡೆಯ ಗಿಡ. ಇದರ ಲೆಕ್ಕ ನನಗೆ ಎಲ್ಲಕ್ಕಿಂತ ಚೆಂದ ಅನಿಸುತ್ತದೆ. ಸುಳಿ ನಾಲ್ಕು ಎಲೆ ಹುಟ್ಟಿಸುತ್ತದೆ, ಆಮೇಲೆ ಒಂದು ಮೊಗ್ಗಿನ ಗೊಂಚಲು. ಮತ್ತೆ ನಾಲ್ಕು ಎಲೆ, ಮತ್ತೆ ಒಂದು ಗೊಂಚಲು. ಗಿಡ ಬೆಳೆಯುತ್ತಿರುವಷ್ಟು ಕಾಲ ಇದು ನಡೆಯುತ್ತಲೇ ಇರುತ್ತದೆ. ಇದಕ್ಕೆ ಚಳಿಯ ಸೂಚನೆ ಬೇಡ. ಹಗಲು ಉದ್ದವೋ ಗಿಡ್ಡವೋ ಎಂಬುದೂ ಮುಖ್ಯವಲ್ಲ. ಬೆಳೆಯುವಷ್ಟು ಊಟ, ನೀರು, ಬೆಳಕು ಇದ್ದರೆ ಸಾಕು.

ಹೀಗೆ ಹುಟ್ಟಿದ ಗೊಂಚಲು ಕೂಡಲೇ ಹೊರಗೆ ಬರುವುದಿಲ್ಲ. ಹುಟ್ಟಿದ ದಿನದಿಂದ ಅರಳುವವರೆಗೆ ಅದಕ್ಕೆ ಸುಮಾರು 11ರಿಂದ 14 ತಿಂಗಳು ಬೇಕು. ಅಂದರೆ ಈ ವರ್ಷ ಮಾರ್ಚಿಯಲ್ಲಿ ಅರಳಿದ ಹೂ ಹೋದ ವರ್ಷದ ಆರಂಭದಲ್ಲೇ ಗಡ್ಡೆಯೊಳಗೆ ಮೂಡಿತ್ತು. ಆಗ ಅದು ಸೂಜಿಮೊನೆಗಿಂತ ಸಣ್ಣದಿತ್ತು. ಮಳೆಗಾಲವಿಡೀ ಎಲೆಗಳು ದುಡಿದು ಅದನ್ನು ಸಾಕಿದವು. ಚಳಿಗಾಲದ ಒಣ ವಿಶ್ರಾಂತಿಯಲ್ಲಿ ಅದು ಒಳಗೇ ಉಳಿಯಿತು. ನೀರು ಕಂಡಾಗ ದಂಟು ಚಾಚಿತು.

ಚೆನ್ನಾಗಿ ಬಲಿತ ಗಡ್ಡೆಯೊಂದನ್ನು ವಿಶ್ರಾಂತಿಯ ಕಾಲದಲ್ಲಿ ಸೀಳಿ ನೋಡಿದರೆ ಇದೆಲ್ಲ ಕಣ್ಣಿಗೇ ಕಾಣುತ್ತದೆ. ಮರಿಗಡ್ಡೆ ಹೆಚ್ಚಾದವರು ಒಂದನ್ನು ಇದಕ್ಕಾಗಿ ಕಳೆದುಕೊಂಡರೂ ನಷ್ಟವಿಲ್ಲ. ಹೊರಗಿನ ಕಡೆ, ಪದರುಗಳ ನಡುವೆ, ಬೆಳ್ಳಗಿನ ಮೊಗ್ಗಿನ ಗೊಂಚಲು ಒಂದು ಸಿಗುತ್ತದೆ. ತೆಳುವಾದ ಪೊರೆಯೊಳಗೆ ಪುಟ್ಟ ಪುಟ್ಟ ಮೊಗ್ಗುಗಳು ಒತ್ತಾಗಿ ಕೂತಿರುತ್ತವೆ. ಇದು ಬರುವ ಬೇಸಿಗೆಯದು. ಅಲ್ಲಿಂದ ಒಳಕ್ಕೆ ನಾಲ್ಕು ಪದರು ಎಣಿಸಿ. ಇನ್ನೊಂದು ಗೊಂಚಲು, ಇನ್ನೂ ಸಣ್ಣದು. ನಡುವಿನ ಸುಳಿಯ ಹತ್ತಿರ ಮತ್ತೊಂದು ಇರಬಹುದು, ಅದನ್ನು ನೋಡಲು ಭೂತಗನ್ನಡಿ ಬೇಕು. ಒಂದೇ ಗಡ್ಡೆಯಲ್ಲಿ ಬೇರೆ ಬೇರೆ ವಯಸ್ಸಿನ ಹೂಗಳು ಒಟ್ಟಿಗೆ ಬೆಳೆಯುತ್ತಿರುತ್ತವೆ. ಕೆಲವೊಮ್ಮೆ ಗೊಂಚಲು ಇರಬೇಕಾದ ಜಾಗದಲ್ಲಿ ಕಂದು ಬಣ್ಣದ, ಕಾಗದದಂಥ ಒಣಗಿದ ಚೂರು ಸಿಗುತ್ತದೆ. ಅದು ಮೂಡಿ, ಊಟ ಸಾಲದೆ ಒಳಗೇ ಸತ್ತ ಮೊಗ್ಗು.

ಸತ್ತದ್ದು ಯಾಕೆ? ಬಹಳ ಸಲ ಕಾರಣ ಶ್ರಾವಣ, ಭಾದ್ರಪದದಲ್ಲಿ ಇರುತ್ತದೆ. ಹೂ ಮುಗಿದ ಮೇಲೆ ಈ ಗಿಡವನ್ನು ಯಾರೂ ನೋಡುವುದಿಲ್ಲ. ಮಳೆಗಾಲದಲ್ಲಿ ಎಲೆ ಉದ್ದವಾಗಿ ಬಾಗುತ್ತದೆ, ಅಂಗಳಕ್ಕೆ ಅಡ್ಡ ಬರುತ್ತದೆ. ಹಬ್ಬಕ್ಕೆ ಅಂಗಳ ಚೊಕ್ಕ ಮಾಡುವಾಗ ಕತ್ತರಿಸಿ ಎಸೆಯುತ್ತೇವೆ. ಆ ಎಲೆಗಳೇ ಬರುವ ವರ್ಷದ ಹೂವಿಗೆ ಊಟ ಹಾಕುವವು, ಅಲ್ವಾ? ಹೊಸ ಎಲೆ ಕಡಿಮೆಯಾದರೆ ಮೊಗ್ಗಿನ ಲೆಕ್ಕವೂ ಕಡಿಮೆ. ಇದ್ದ ಎಲೆ ಕತ್ತರಿಸಿದರೆ ಮೂಡಿದ ಮೊಗ್ಗಿಗೂ ಊಟವಿಲ್ಲ. ಆದ್ದರಿಂದ ಇದಕ್ಕೆ ಗೊಬ್ಬರ ಹಾಕುವ ಕಾಲ ಜೂನ್‌ನಿಂದ ಸೆಪ್ಟೆಂಬರ್. ಎಲೆ ತಾನಾಗಿ ಹಳದಿಯಾಗುವ ತನಕ ಅದಕ್ಕೆ ಕತ್ತರಿ ತಾಗಿಸಬೇಡಿ. ನವೆಂಬರ್ ಹೊತ್ತಿಗೆ ನೀರು ಕಡಿಮೆ ಮಾಡಿ, ಎರಡು ತಿಂಗಳು ಒಣಗಿಡಿ. ಫೆಬ್ರವರಿಯಲ್ಲಿ ಮತ್ತೆ ನೀರು ಕೊಟ್ಟರೆ ಸಾಮಾನ್ಯವಾಗಿ ಒಂದೆರಡು ತಿಂಗಳೊಳಗೆ ದಂಟು ಏಳುತ್ತದೆ.

ಮೇ ತಿಂಗಳಲ್ಲಿ ಅರಳುವ ಫುಟ್‌ಬಾಲ್ ಲಿಲ್ಲಿಯೂ ಇದೇ ಕುಟುಂಬದ್ದು, ಕುಲ ಮಾತ್ರ ಬೇರೆ. ಆಫ್ರಿಕದಿಂದ ಬಂದದ್ದು, ಸ್ಕಾಡೋಕ್ಸಸ್ ಎಂದು ಅದರ ಹೆಸರು. ಕಲಬುರಗಿಯ ಬಿಸಿಲು 42 ಡಿಗ್ರಿ ದಾಟಿದಾಗ, ಒಂದೂ ಎಲೆಯಿಲ್ಲದ ಮಣ್ಣಿನಿಂದ, ನೂರಕ್ಕೂ ಹೆಚ್ಚು ಕಿರುಹೂಗಳ ಕೆಂಪು ಗುಂಡು ಎದ್ದು ನಿಲ್ಲುತ್ತದೆ. ಎಲೆಯೇ ಇಲ್ಲದ ಗಡ್ಡೆ ಅಷ್ಟು ದೊಡ್ಡ ಹೂವನ್ನು ಆ ವಾರದಲ್ಲಿ ಮಾಡಿರಲು ಸಾಧ್ಯವಿಲ್ಲ. ಅದು ಹಿಂದಿನ ಮಳೆಗಾಲದ ಎಲೆಗಳ ದುಡಿಮೆ. ಹೂ ಬಾಡಿದ ಮೇಲೆ ಬರುವ ಅಗಲ ಎಲೆಗಳನ್ನು ಕಾಪಾಡಿದವರಿಗೆ ಮರುವರ್ಷವೂ ಹೂ ಸಿಗುತ್ತದೆ. ಮರಿಗಡ್ಡೆ ಬೇರ್ಪಡಿಸಿ ನೆಟ್ಟವರು ಮಾತ್ರ ಕೆಲವು ವರ್ಷ ಕಾಯಬೇಕು, ಗಡ್ಡೆ ಬಲಿಯುವ ತನಕ ಹೂವಿಲ್ಲ.

ರೋಹಿಣಿ ಮಳೆಗೋ ಮಿರಗದ ಮಳೆಗೋ ಸಾಲಾಗಿ ಅರಳುವ ಗುಲಾಬಿ, ಬಿಳಿ, ಹಳದಿ ಬಣ್ಣದ ಸಣ್ಣ ಮಳೆ ಲಿಲ್ಲಿಯದ್ದು ಗಿಡ್ಡ ಲೆಕ್ಕ. ಒಣಗಿದ ನೆಲಕ್ಕೆ ಒಳ್ಳೆ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಹೂ ಮೇಲೇಳುತ್ತದೆ. ಗಡ್ಡೆಯೊಳಗೆ ಕಾದು ಕೂತ ಮೊಗ್ಗಿಗೆ ನೀರೇ ಸೂಚನೆ. ದಿನಾ ನೀರು ಹಾಕುವ ಕುಂಡದಲ್ಲಿ ಇದು ಮಂಕಾಗಿ ಹೂ ಬಿಡುವುದು ಇದಕ್ಕೇ. ಕೆಲವು ವಾರ ಒಣಗಿಸಿ ಆಮೇಲೆ ಚೆನ್ನಾಗಿ ತೋಯಿಸಿ ನೋಡಿ.

ಇನ್ನು ಅಂಗಡಿಗಳಲ್ಲಿ, ಆನ್‌ಲೈನ್‌ನಲ್ಲಿ ಬಣ್ಣದ ಚಿತ್ರ ಹಾಕಿ ಮಾರುವ ಲಿಲ್ಲಿಗಳಿಗೆ ಬರೋಣ. ಏಷ್ಯಾಟಿಕ್, ಓರಿಯೆಂಟಲ್, ಎಲ್‌ಎ ಎಂದು ಅವುಗಳಲ್ಲಿ ಗುಂಪುಗಳಿವೆ. ಮದುವೆ ಮಂಟಪಕ್ಕೆ, ಬೊಕ್ಕೆಗೆ ಬರುವವು ಇವೇ. ಇವು ಲಿಲಿಯಮ್ ಕುಲದವು, ಮೇಲೆ ಹೇಳಿದವಕ್ಕಿಂತ ಪೂರ್ತಿ ಬೇರೆ. ತಂಪು ನಾಡಿನ ಗಿಡಗಳು. ಇವುಗಳ ಗಡ್ಡೆಗೆ ಉಳ್ಳಾಗಡ್ಡಿಯಂತೆ ಹೊರಸಿಪ್ಪೆ ಇರುವುದಿಲ್ಲ. ದಪ್ಪ ಎಸಳುಗಳು ಬಿಡಿಬಿಡಿಯಾಗಿ ಜೋಡಿಸಿಕೊಂಡಿರುತ್ತವೆ, ಹೊರಗಿಟ್ಟರೆ ಬೇಗ ಒಣಗುತ್ತವೆ.

ಇವಕ್ಕೆ ಚಳಿ ಬೇಕೇ ಬೇಕು. ಚಳಿ ಎಂದರೆ ನಾವು ಶಾಲು ಹೊದೆಯುವ ಚಳಿ ಅಲ್ಲ. 2ರಿಂದ 7 ಡಿಗ್ರಿಯ ತಂಪಿನಲ್ಲಿ ಸುಮಾರು ಆರರಿಂದ ಎಂಟು ವಾರ ಗಡ್ಡೆ ಇರಬೇಕು, ಅದೂ ತೇವದಲ್ಲಿ. ಒಣಗಿದ ಗಡ್ಡೆಗೆ ಕೊಟ್ಟ ತಂಪು ಸರಿಯಾಗಿ ಲೆಕ್ಕಕ್ಕೆ ಬರುವುದಿಲ್ಲ. ಕಲಬುರಗಿಯಲ್ಲಿ ಡಿಸೆಂಬರ್ ರಾತ್ರಿ ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸು, ಹಗಲು 29-30. ಬೀದರ್ ಎತ್ತರದ ಬಯಲಿನಲ್ಲಿದೆ, ಅಲ್ಲಿ ಕೆಲವು ವರ್ಷ ರಾತ್ರಿ 10 ಡಿಗ್ರಿಗೂ ಕೆಳಗೆ ಇಳಿಯುತ್ತದೆ. ಆದರೂ ಹಗಲು ಬಿಸಿಯೇ. ಆದ್ದರಿಂದ ಕಲಬುರಗಿ, ಬೀದರ್, ಯಾದಗಿರಿ ಈ ಮೂರೂ ಜಿಲ್ಲೆಗಳಲ್ಲಿ ನೆಲದಲ್ಲಿದ್ದ ಗಡ್ಡೆಗೆ ಬೇಕಾದಷ್ಟು ಚಳಿ ತಾನಾಗಿ ಸಿಗುವುದಿಲ್ಲ. ಕೋಲ್ಡ್ ಸ್ಟೋರೇಜ್‌ನಲ್ಲಿ ಇಟ್ಟು ತಂದ ಗಡ್ಡೆಯನ್ನೇ ಕೊಳ್ಳಬೇಕು. ಕೊಳ್ಳುವಾಗ "ಕೋಲ್ಡ್ ಟ್ರೀಟ್‌ಮೆಂಟ್ ಆಗಿದೆಯಾ" ಎಂದು ಕೇಳುವುದು ಬಣ್ಣ ಕೇಳುವುದಕ್ಕಿಂತ ಮುಖ್ಯ.

ಚಳಿ ಸಿಕ್ಕ ಮೇಲೆ ಮೊಗ್ಗು ಯಾವಾಗ ಮೂಡುತ್ತದೆ? ಜಾತಿಗೆ ತಕ್ಕಂತೆ ಬದಲಾಗುತ್ತದೆ. ಕೆಲವು ಲಿಲ್ಲಿಗಳು ಗಡ್ಡೆಯೊಳಗೇ, ನೆಡುವ ಮೊದಲೇ ಮೊಗ್ಗು ಮಾಡಲು ಶುರು ಮಾಡುತ್ತವೆ. ಕೆಲವು ಚಿಗುರು ಮಣ್ಣಿನ ಮೇಲೆ ಬಂದ ಮೇಲೆ. ಇದನ್ನು ಬಹಳ ಸೂಕ್ಷ್ಮವಾಗಿ ಅಧ್ಯಯನ ಮಾಡಿರುವುದು ಈಸ್ಟರ್ ಲಿಲ್ಲಿಯಲ್ಲಿ. ಜಪಾನಿನ ದಕ್ಷಿಣದ ದ್ವೀಪಗಳ ಬಿಳಿ ಲಿಲ್ಲಿ ಅದು. ಅಮೆರಿಕದಲ್ಲಿ ಈಸ್ಟರ್ ಹಬ್ಬಕ್ಕೆ ಕುಂಡದಲ್ಲಿ ಅದನ್ನು ಅರಳಿಸಿ ಮಾರುತ್ತಾರೆ. ಹಬ್ಬ ಮಾತ್ರ ಒಂದೇ ದಿನಾಂಕಕ್ಕೆ ಬರುವುದಿಲ್ಲ. ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಯಾವ ಭಾನುವಾರವಾದರೂ ಆಗಬಹುದು. ದೀಪಾವಳಿಗೆ ಚೆಂಡುಹೂ ಹೊಂದಿಸುವ ನಮ್ಮ ರೈತರಿಗೆ ಈ ಕಷ್ಟ ಗೊತ್ತು. ಹಬ್ಬ ಮುಗಿದ ಮರುದಿನ ಅರಳಿದ ಹೂವಿಗೆ ಬೆಲೆ ಎಲ್ಲಿದೆ?

ಆ ಬೆಳೆಗಾರರು ಕಂಡುಕೊಂಡ ದಾರಿ ಎಲೆ ಎಣಿಕೆ. ಈಸ್ಟರ್ ಲಿಲ್ಲಿಯ ಚಿಗುರು ಸುಮಾರು 10 ಸೆಂಟಿಮೀಟರ್ ಎತ್ತರವಾಗುವ ಹೊತ್ತಿಗೆ ಸುಳಿ ಎಲೆ ಮಾಡುವುದನ್ನು ನಿಲ್ಲಿಸಿ ಮೊಗ್ಗಿಗೆ ತಿರುಗುತ್ತದೆ. ತಿರುಗಿದ ಮೇಲೆ ಹೊಸ ಎಲೆ ಹುಟ್ಟುವುದಿಲ್ಲ. ಅಂದರೆ ಗಿಡದಲ್ಲಿ ಒಟ್ಟು ಎಷ್ಟು ಎಲೆ ಎಂಬುದು ಆ ದಿನವೇ ನಿಗದಿ. ಒಂದು ಗಿಡವನ್ನು ಬಲಿಕೊಟ್ಟು, ಬಿಚ್ಚಿದ ಎಲೆ ಎಷ್ಟು, ಸುಳಿಯಲ್ಲಿ ಇನ್ನೂ ಮಡಚಿಕೊಂಡ ಎಲೆ ಎಷ್ಟು ಎಂದು ಸೂಜಿ ಹಿಡಿದು ಎಣಿಸುತ್ತಾರೆ. ಎಲ್ಲ ಎಲೆ ಬಿಚ್ಚಿಕೊಂಡಾಗ ಮೊಗ್ಗು ಹೊರಗೆ ಕಾಣುತ್ತದೆ. ಹಬ್ಬಕ್ಕೆ ಎಷ್ಟು ದಿನ ಉಳಿದಿದೆ ಎಂದು ನೋಡಿ, ದಿನಕ್ಕೆ ಇಷ್ಟು ಎಲೆ ಬಿಚ್ಚಬೇಕು ಎಂದು ಲೆಕ್ಕ ಹಾಕುತ್ತಾರೆ. ದಿನದ ಸರಾಸರಿ ಉಷ್ಣಾಂಶ ಏರಿದರೆ ಎಲೆ ಬೇಗ ಬಿಚ್ಚುತ್ತದೆ, ಇಳಿದರೆ ನಿಧಾನ. ಹಸಿರುಮನೆಯ ಬಿಸಿ ಹೆಚ್ಚು ಕಡಿಮೆ ಮಾಡಿ ಗಿಡವನ್ನು ದಿನಾಂಕಕ್ಕೆ ಕೂರಿಸುತ್ತಾರೆ. ಮೊಗ್ಗು ಕಂಡ ಮೇಲೆ ಅರಳಲು ಒಂದು ತಿಂಗಳು, ಐದು ವಾರ.

ಇದರಲ್ಲಿ ನಮಗೆ ಬೇಕಾದ ಪಾಠ ಒಂದಿದೆ. ಚಿಗುರು ಇನ್ನೂ ಗಿಡ್ಡ ಇರುವಾಗಲೇ ಎಷ್ಟು ಹೂ ಎಂಬುದು ಹೆಚ್ಚೂ ಕಡಿಮೆ ತೀರ್ಮಾನವಾಗುತ್ತದೆ. ಆ ಹೊತ್ತಿಗೆ ಗಿಡ ತಿನ್ನುವುದು ಗಡ್ಡೆಯಲ್ಲಿ ಇದ್ದ ಊಟವನ್ನೇ. ದೊಡ್ಡ ಗಡ್ಡೆಗೆ ಹೆಚ್ಚು ಹೂ ಬರುವುದು ಇದಕ್ಕೇ. ಪೊಟ್ಟಣದ ಮೇಲೆ 12/14, 14/16 ಎಂದು ಬರೆದಿರುತ್ತಾರೆ. ಅದು ಗಡ್ಡೆಯ ಸುತ್ತಳತೆ, ಸೆಂಟಿಮೀಟರ್ ಲೆಕ್ಕದಲ್ಲಿ. ಸ್ವಲ್ಪ ಹೆಚ್ಚು ದುಡ್ಡು ಕೊಟ್ಟಾದರೂ ದೊಡ್ಡದನ್ನೇ ಕೊಳ್ಳಿ. ಇನ್ನೊಂದು ಮಾತು. ಚಳಿ ಜಾಸ್ತಿ ಕೊಟ್ಟಷ್ಟೂ ಒಳ್ಳೆಯದು ಎಂದೇನಿಲ್ಲ. ಈಸ್ಟರ್ ಲಿಲ್ಲಿಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ವಾರ ತಂಪಿನಲ್ಲಿಟ್ಟರೆ ಹೂ ಬೇಗ ಬರುತ್ತದೆ, ಆದರೆ ಮೊಗ್ಗಿನ ಸಂಖ್ಯೆ ಇಳಿಯುತ್ತದೆ.

ಈಗ ನಮ್ಮ ಕ್ಯಾಲೆಂಡರ್. ನೆಟ್ಟ ಮೇಲೆ ಏಷ್ಯಾಟಿಕ್ ಲಿಲ್ಲಿಗಳು ಸಾಮಾನ್ಯವಾಗಿ ಎರಡರಿಂದ ಮೂರು ತಿಂಗಳೊಳಗೆ ಅರಳುತ್ತವೆ. ಓರಿಯೆಂಟಲ್‌ಗೆ ಮೂರೂವರೆ, ನಾಲ್ಕು ತಿಂಗಳು. ಈ ಒಂದು ವ್ಯತ್ಯಾಸ ನಮ್ಮ ಊರಲ್ಲಿ ಎಲ್ಲವನ್ನೂ ನಿರ್ಧರಿಸುತ್ತದೆ. ನವೆಂಬರ್ ನಡುವೆ ನೆಟ್ಟ ಏಷ್ಯಾಟಿಕ್ ಜನವರಿ ಕೊನೆಗೆ, ಫೆಬ್ರವರಿ ಮೊದಲಿಗೆ ಅರಳಿಬಿಡುತ್ತದೆ. ಗಾಳಿ ಇನ್ನೂ ಹಿತವಾಗಿರುತ್ತದೆ. ಅದೇ ದಿನ ನೆಟ್ಟ ಓರಿಯೆಂಟಲ್‌ನ ಮೊಗ್ಗು ಉಬ್ಬುವ ಹೊತ್ತಿಗೆ ಮಾರ್ಚ್ ಬಂದಿರುತ್ತದೆ, ಹಗಲು 35 ಡಿಗ್ರಿ ದಾಟಿರುತ್ತದೆ. ಪರಿಮಳಕ್ಕೆ ಮನಸೋತು ಓರಿಯೆಂಟಲ್ ಕೊಳ್ಳುವವರಿಗೆ ನಾನು ಬೇಡ ಎಂದೇ ಹೇಳುತ್ತೇನೆ. ಬೀದರ್‌ನಲ್ಲಿ ಬೇಕಾದರೆ ನೋಡಬಹುದು. ಕಲಬುರಗಿಯಲ್ಲಿ ಏಷ್ಯಾಟಿಕ್ ಅಥವಾ ಎಲ್‌ಎ ಸಾಕು. ಯಾದಗಿರಿ ಇನ್ನೂ ತಗ್ಗಿನಲ್ಲಿದೆ, ಸೆಕೆ ಬೇಗ ಶುರು. ಅಲ್ಲಿ ಅಮರಿಲ್ಲಿಸ್, ಫುಟ್‌ಬಾಲ್ ಲಿಲ್ಲಿಗಳ ಮೇಲೆ ಮನಸ್ಸಿಡುವುದೇ ಲೇಸು.

ಬೇಗ ಹೂ ಬೇಕೆಂದು ಅಕ್ಟೋಬರ್ ಸೆಕೆಯಲ್ಲಿ ನೆಡಬೇಡಿ. ಮೊದಲ ಮೂರು ವಾರ ಮಣ್ಣು ತಂಪಾಗಿರಬೇಕು. ಆಗಲೇ ಗಡ್ಡೆಯ ಮೇಲಿನ ದಂಟಿನಿಂದ ಹೊಸ ಬೇರು ಇಳಿಯುವುದು, ಗಿಡವನ್ನು ಮುಂದೆ ಸಾಕುವುದು ಆ ಬೇರುಗಳೇ. ಆದ್ದರಿಂದ ಗಡ್ಡೆಯ ತಲೆಯ ಮೇಲೆ 10ರಿಂದ 15 ಸೆಂಟಿಮೀಟರ್ ಮಣ್ಣು ಇರುವಂತೆ ಆಳಕ್ಕೆ ನೆಡಬೇಕು. ಒಂದಡಿ ಆಳದ ಕುಂಡ ಬೇಕು. ಬರೀ ಎರೆಮಣ್ಣು ಬೇಡವೇ ಬೇಡ. ಅದು ನೀರು ಹಿಡಿದಿಟ್ಟುಕೊಂಡು ಗಡ್ಡೆಯನ್ನು ಕೊಳೆಸುತ್ತದೆ. ಉಸುಕು, ಕೋಕೋಪೀಟ್, ಹಳೆಯ ಗೊಬ್ಬರ ಬೆರೆಸಿ ಹಗುರ ಮಾಡಿಕೊಳ್ಳಿ. ಬೀದರ್‌ನ ಕೆಂಪು ಮಣ್ಣು ಇದಕ್ಕೆ ಹೆಚ್ಚು ಒಗ್ಗುತ್ತದೆ, ನೀರು ನಿಲ್ಲುವುದಿಲ್ಲ.

ಡಿಸೆಂಬರ್ ಕೊನೆಯ ವಾರಗಳಲ್ಲಿ ಗಿಡದ ತುದಿಯ ಎಲೆಗಳನ್ನು ಬೆರಳಿಂದ ಮೆಲ್ಲಗೆ ಸರಿಸಿ ನೋಡಿ. ಒತ್ತಾಗಿ ಸುತ್ತಿದ ಎಳೆ ಎಲೆಗಳ ನಡುವೆ ತೊಗರಿ ಕಾಳಿನಷ್ಟು ದಪ್ಪದ ಹಸಿರು ಉಂಡೆಗಳು ತಾಕುತ್ತವೆ. ಅವು ಮೊಗ್ಗುಗಳು. ಇಲ್ಲಿಂದ ಹೂ ಅರಳುವ ತನಕದ ಮೂರು ನಾಲ್ಕು ವಾರ ಬಹಳ ನಾಜೂಕು. ಮೊಗ್ಗು ಹುಟ್ಟಿದೆ ಎಂದ ಮಾತ್ರಕ್ಕೆ ಅರಳುತ್ತದೆ ಎಂದಲ್ಲ. ಸೆಕೆ ಒಮ್ಮೆಲೇ ಏರಿದರೆ, ಬೆಳಕು ಕಡಿಮೆಯಾದರೆ, ಒಂದೆರಡು ದಿನ ನೀರು ತಪ್ಪಿದರೆ ಗಿಡ ಮೊಗ್ಗನ್ನೇ ಮೊದಲು ಬಿಟ್ಟುಕೊಡುತ್ತದೆ. ಎಳೆ ಮೊಗ್ಗು ಬಿಳಿಚಿ, ಹಳದಿಯಾಗಿ, ತೊಟ್ಟು ಸಮೇತ ಉದುರುತ್ತದೆ. ಬೆಳಗಿನ ಬಿಸಿಲು ಪೂರ್ತಿ ಸಿಗಲಿ, ಮಧ್ಯಾಹ್ನಕ್ಕೆ ಹಸಿರು ನೆಟ್ ಕಟ್ಟಿ. ಹಾಗಂತ ಒಳಗೆ ಕತ್ತಲ ಮೂಲೆಗೆ ಒಯ್ದರೆ ಮೊಗ್ಗು ಖಂಡಿತ ಉದುರುತ್ತದೆ.

ಹೂ ಬರದಿದ್ದಾಗ ಕಾರಣ ಪತ್ತೆ ಮಾಡಲು ಗಿಡದ ತುದಿಯನ್ನೇ ನೋಡಬೇಕು. ಅಲ್ಲಿ ಒಣಗಿದ ತೊಟ್ಟು ಅಥವಾ ಸಣ್ಣ ಗಾಯದ ಗುರುತು ಇದೆಯಾ? ಇದ್ದರೆ ಮೊಗ್ಗು ಮೂಡಿತ್ತು, ಆಮೇಲೆ ಸತ್ತಿತು. ತಪ್ಪು ನಡೆದದ್ದು ಕೊನೆಯ ಕೆಲವು ವಾರಗಳಲ್ಲಿ. ಸೆಕೆ, ನೆರಳು, ನೀರು ಇವುಗಳಲ್ಲಿ ಹುಡುಕಿ. ಯಾವ ಗುರುತೂ ಇಲ್ಲದೆ ಎಲೆಗಳೇ ಮುಗಿದಿದ್ದರೆ ಮೊಗ್ಗು ಮೂಡಲೇ ಇಲ್ಲ. ಆಗ ಗಡ್ಡೆಗೆ ಚಳಿ ಸಾಲಲಿಲ್ಲ, ಇಲ್ಲವೇ ಗಡ್ಡೆ ತೀರ ಸಣ್ಣದಿತ್ತು. ಅರ್ಧ ಚಳಿ ಕಂಡ ಗಡ್ಡೆ ನೆಡುವ ಮೊದಲು ಬಿಸಿಯಲ್ಲಿ ಕೂತರೂ ಹೀಗಾಗುತ್ತದೆ, ಸಿಕ್ಕಿದ್ದ ಚಳಿಯ ಗುಣ ಬಿಸಿಗೆ ಅಳಿಸಿಹೋಗುತ್ತದೆ. ಪಾರ್ಸೆಲ್ ಬಂದ ದಿನವೇ ನೆಡಿ ಎನ್ನುವುದು ಇದಕ್ಕೆ.

ಕೆಲವರು ಚಳಿ ಕೊಡಲು ಮನೆಯ ಫ್ರಿಜ್ ಬಳಸುತ್ತಾರೆ. ಬಳಸಬಹುದು. ತೇವದ ಕೋಕೋಪೀಟ್‌ನಲ್ಲಿ ಗಡ್ಡೆ ಹುದುಗಿಸಿ, ತೂತು ಮಾಡಿದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ತರಕಾರಿ ಡಬ್ಬಿಯಲ್ಲಿ ಇಡಿ. ಫ್ರೀಜರ್‌ನಲ್ಲಿ ಬೇಡ. ಅದೇ ಡಬ್ಬಿಯಲ್ಲಿ ಸೇಬು, ಬಾಳೆ ಇದ್ದರೆ ತೆಗೆದುಬಿಡಿ. ಮಾಗುವ ಹಣ್ಣು ಎಥಿಲೀನ್ ಎಂಬ ಅನಿಲ ಬಿಡುತ್ತದೆ, ಅದು ಎಳೆ ಮೊಗ್ಗಿಗೆ ವಿಷ. ಎರಡು ತಿಂಗಳು ದಾಟಿದರೆ ಫ್ರಿಜ್‌ನಲ್ಲೇ ಚಿಗುರು ಬರಬಹುದು. ಆದ್ದರಿಂದ ಸೆಪ್ಟೆಂಬರ್ ನಡುವೆ ಒಳಗಿಟ್ಟು ನವೆಂಬರ್ ನಡುವೆ ತೆಗೆಯುವ ಹಾಗೆ ಹೊಂದಿಸಿಕೊಳ್ಳಿ.

ಒಂದು ಸಲ ಹೂ ಬಿಟ್ಟ ಏಷ್ಯಾಟಿಕ್ ಗಡ್ಡೆ ಮರುವರ್ಷ ಬರುತ್ತದಾ? ಹೂ ಮುಗಿದ ಮೇಲೆ ಅದಕ್ಕೆ ಎಲೆಯಿಂದ ಊಟ ಕೂಡಿಸಲು ತಂಪಾದ ಕೆಲವು ತಿಂಗಳು ಬೇಕು. ನಮ್ಮಲ್ಲಿ ಫೆಬ್ರವರಿ ಮುಗಿಯುತ್ತಲೇ ಬಿಸಿಲು ಕಾಯುತ್ತದೆ, ಎಲೆ ಬೇಗ ಸುಟ್ಟುಹೋಗುತ್ತದೆ. ಗಡ್ಡೆ ಸೊರಗುತ್ತದೆ. ಆಮೇಲೆ ಮಳೆಗಾಲದ ಹಸಿ. ಉಳಿದರೂ ಮರುವರ್ಷ ಎಲೆ ಬಂದು ಹೂ ಬಾರದೆ ಹೋಗುವುದೇ ಹೆಚ್ಚು. ಬೀದರ್‌ನಲ್ಲಿ ನೆರಳಿನ ಜಾಗವಿದ್ದವರು ಹೂ ಕೊಯ್ಯುವಾಗ ದಂಟಿನ ಅರ್ಧಕ್ಕಿಂತ ಹೆಚ್ಚು ಭಾಗ ಎಲೆ ಸಮೇತ ಗಿಡದಲ್ಲೇ ಬಿಟ್ಟು ನೋಡಬಹುದು. ಉಳಿದವರು ಇದನ್ನು ಒಂದು ಚಳಿಗಾಲದ ಹೂವೆಂದೇ ಲೆಕ್ಕ ಹಾಕಿ ದುಡ್ಡು ಹಾಕಿ.

ವರ್ಷ ವರ್ಷವೂ ಹೂ ಬೇಕು, ಮಾರಾಟಕ್ಕೂ ಬೇಕು ಎನ್ನುವ ರೈತರಿಗೆ ನಮ್ಮ ಸೆಕೆಗೆ ಒಗ್ಗಿದ ಗಡ್ಡೆ ಸುಗಂಧರಾಜ. ಅದು ಲಿಲ್ಲಿ ಅಲ್ಲ. ಆದರೆ ಮೊಗ್ಗಿನ ಲೆಕ್ಕ ಕೇಳಿದರೆ ಯಾಕೆ ಒಗ್ಗುತ್ತದೆ ಎಂದು ತಿಳಿಯುತ್ತದೆ. ಅದಕ್ಕೆ ಫ್ರಿಜ್‌ನ ಚಳಿ ಬೇಡ. ಬಲಿತ ಗಡ್ಡೆ ನೆಟ್ಟು, ಎಲೆ ಬಂದ ಮೇಲೆ ಅದು ಮೊಗ್ಗು ಮಾಡುತ್ತದೆ. ಮೂರು ನಾಲ್ಕು ತಿಂಗಳಿಗೆ ದಂಟು ಏಳುತ್ತದೆ. ಒಂದು ಗಡ್ಡೆ ಒಂದೇ ಸಲ ಹೂ ಕೊಡುತ್ತದೆ, ಅಷ್ಟರಲ್ಲಿ ಪಕ್ಕದ ಮರಿಗಡ್ಡೆಗಳು ಬಲಿತು ಮುಂದಿನ ಸರದಿ ಹಿಡಿಯುತ್ತವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಶೃಂಗಾರ್, ಪ್ರಜ್ವಲ್ ತಳಿಗಳು ಬಿಡಿ ಹೂವಿಗೆ ಚೆನ್ನಾಗಿವೆ. ನೆಡಲು ಗಡ್ಡೆ ಆರಿಸುವಾಗ ಎರಡು ಸೆಂಟಿಮೀಟರ್‌ಗಿಂತ ಅಗಲವಾದವನ್ನು ಒಂದು ಕಡೆ, ಸಣ್ಣವನ್ನು ಬೇರೆ ಮಡಿಯಲ್ಲಿ ನೆಡಿ. ಸಣ್ಣವು ಮೊದಲು ಬಲಿಯಲು ಕಾಲ ತೆಗೆದುಕೊಳ್ಳುತ್ತವೆ, ಅವುಗಳಿಂದ ಹೂ ತಡವಾಗಿ ಬರುತ್ತದೆ. ಬೇರೆ ಮಡಿಯಲ್ಲಿದ್ದರೆ ಎರಡಕ್ಕೂ ಕೊಯ್ಲು ಯಾವಾಗ ಎಂದು ಮೊದಲೇ ಅಂದಾಜು ಮಾಡಿಕೊಳ್ಳಬಹುದು.